ಮುಖಚಿತ್ರಗಳಿಂದ ಭಾವಪರೀಕ್ಷೆ: ಡಿಮೆನ್ಷಿಯಾ ರೋಗದ ಸಂಶೋಧನೆಯಲ್ಲಿ ಅದರ ಪ್ರಾಮಾಣ್ಯವಿಚಾರ

ಒಬ್ಬನ ಮನಸ್ಸಿನಲ್ಲಿರುವ ಭಾವವನ್ನು ಮತ್ತೊಬ್ಬನು ಹೇಗೆ ತಿಳಿಯುತ್ತಾನೆಂಬುದು ನಮ್ಮ ಅಲಂಕಾರಶಾಸ್ತ್ರದ ಮೂಲಪ್ರಶ್ನೆಗಳಲ್ಲೊಂದು. ಭರತಮುನಿಯಿಂದ ಮೊದಲುಗೊಂಡು ಕನ್ನಡದಲ್ಲಿ ರಸರತ್ನಾಕರವನ್ನು ಬರೆದ ಸಾಳ್ವನವರೆಗೆ, ರಸವನ್ನು ಕುರಿತು ಬರೆದವರೆಲ್ಲರೂ ಒಂದಲ್ಲ ಒಂದು ರೀತಿಯಲ್ಲಿ ಇದಕ್ಕೆ ಉತ್ತರ ಹೇಳಿದ್ದಾರೆ. ಈಚಿನ ಮೂರು ದಶಕಗಳಿಂದ ಇದೇ ಪ್ರಶ್ನೆಯು ಬೇರೊಂದು ಶಾಸ್ತ್ರದಲ್ಲಿ, ಎಂದರೆ ಮಿದುಳಿನ ರೋಗಗಳನ್ನು ಕುರಿತ ವೈದ್ಯದಲ್ಲಿ, ಬೇರೊಂದು ಪ್ರಯೋಜನಕ್ಕಾಗಿ ವಿಚಾರಿಸಲ್ಪಡುತ್ತಿದೆ. ಡಿಮೆನ್ಷಿಯಾ ಎಂಬ ಹೆಸರಿನಿಂದ ವೈದ್ಯರು ವ್ಯವಹರಿಸುವ ಬುದ್ಧಿಕ್ಷಯರೋಗವುಳ್ಳವರಿಗೆ ಮುಖಗಳ ಚಿತ್ರಗಳನ್ನು ತೋರಿಸಿ, ಇದರಲ್ಲಿ ಕಾಣುವ ಭಾವವಾವುದೆಂದು ಕೇಳಿ, ಉತ್ತರಗಳಿಗೆ ಅಂಕಗಳನ್ನು ಕೊಟ್ಟು, ಆ ಅಂಕಗಳಿಂದ ರೋಗದ ಬಗೆಯನ್ನೂ ಅದು ಮುಂದುವರಿದಿರುವ ಪ್ರಮಾಣವನ್ನೂ ನಿರ್ಣಯಿಸಲು ಸಂಶೋಧಕರು ಯತ್ನಿಸುತ್ತಿದ್ದಾರೆ. ಈ ಯತ್ನದಲ್ಲಿ ಗ್ರಾಹ್ಯವಾದುದೆಷ್ಟು, ಇನ್ನೂ ಶೋಧಿಸತಕ್ಕುದೆಷ್ಟು ಎಂಬುದನ್ನು ವಿಮರ್ಶಿಸುವುದೇ ಪ್ರಕೃತ ಲೇಖನದ ಉದ್ದೇಶ.

ಸಾಹಿತ್ಯವನ್ನು ಓದಿದವನಿಗೆ ವೈದ್ಯದ ಗೊಡವೆ ಏತಕ್ಕೆ ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ರೋಗದ ನಿದಾನವೂ ಚಿಕಿತ್ಸೆಯೂ ವೈದ್ಯರಿಗೇ ಸೇರಿದುವು. ಅದರಲ್ಲಿ ನಾವು ಕೈಹಾಕತಕ್ಕುದಿಲ್ಲ. ಆದರೆ ಮುಖವನ್ನು ನೋಡಿ ಭಾವವನ್ನು ತಿಳಿಯುವುದೆಂದರೇನು, ಆ ತಿಳಿವಳಿಕೆಗೆ ಬೇಕಾದ ಸಾಮಗ್ರಿಯಾವುದು, ತಿಳಿದುದನ್ನು ಮಾತಿನಲ್ಲಿ ಹೆಸರಿಸುವುದಕ್ಕೂ ತಿಳಿಯುವುದಕ್ಕೂ ಇರುವ ಅಂತರವೇನು ಎಂಬುವು ಶಬ್ದಾರ್ಥಗಳನ್ನು ಅಭ್ಯಾಸ ಮಾಡಿದವರು ನ್ಯಾಯವಾಗಿ ವಿಚಾರಿಸಬಹುದಾದ ವಿಷಯಗಳು. ಇವುಗಳಲ್ಲಿ ಗೊಂದಲವುಂಟಾದರೆ ಅದರ ಫಲವು ಪುಸ್ತಕಗಳಲ್ಲಿಯೇ ನಿಲ್ಲುವುದಿಲ್ಲ. ಒಬ್ಬ ವೃದ್ಧನಿಗೆ ಇನ್ನು ಭಾವವೇ ತಿಳಿಯದೆಂದು ಮನೆಯವರು ನಂಬುವುದೂ ನಂಬದಿರುವುದೂ, ಒಂದು ಔಷಧದಿಂದ ಗುಣವುಂಟೆಂದು ವೈದ್ಯರು ಹೇಳುವುದೂ ಇಲ್ಲವೆನ್ನುವುದೂ ಇಂತಹ ಅಂಕಗಳನ್ನು ಅವಲಂಬಿಸಬಹುದಾಗಿದೆ.

ಮೊದಲು ರೋಗದ ಸ್ವರೂಪವನ್ನು ಸಂಗ್ರಹವಾಗಿ ಹೇಳಬೇಕು. ಅರವತ್ತಕ್ಕೆ ಅರಳುಮರಳು ಎಂಬ ಗಾದೆಯನ್ನು ಹೇಳಿ, ನಮ್ಮ ಜನರು ಇದನ್ನು ಮುಪ್ಪಿನ ಸಹಜಧರ್ಮವೆಂದೇ ಎಣಿಸಿಬಿಡುತ್ತಾರೆ. ವಸ್ತುತಃ ಇದು ಮಿದುಳಿನ ಕಣಗಳು ಕ್ಷೀಣಿಸುವುದರಿಂದ ಆಗುವ ರೋಗ. ಅದರಲ್ಲಿ ಹಲವು ಭೇದಗಳುಂಟು. ೧೮೯೨ರಲ್ಲಿ ಪ್ರಾಗ್ ನಗರದ ಆರ್ನಲ್ಡ್ ಪಿಕ್ ಎಂಬ ವೈದ್ಯನು ಮಾತೂ ಬುದ್ಧಿಯೂ ಕೆಟ್ಟ ಒಬ್ಬ ರೋಗಿಯನ್ನು ವರ್ಣಿಸಿದನು. ೧೯೦೬ರ ನವೆಂಬರಿನಲ್ಲಿ ಜರ್ಮನಿಯ ಟ್ಯೂಬಿಂಗೆನ್ನಿನಲ್ಲಿ ಆಲೋಯಿಸ್ ಆಲ್ಝೈಮರನು ಮತ್ತೊಬ್ಬ ರೋಗಿಯ ಮಿದುಳಿನಲ್ಲಿ ತಾನು ಕಂಡ ವಿಕಾರಗಳನ್ನು ಸಭೆಯ ಮುಂದಿಟ್ಟನು. ಇವರಿಬ್ಬರ ವರ್ಣನೆಗಳಿಂದ ಹೊರಟ ಎರಡು ಭೇದಗಳೇ ನಮ್ಮ ವಿಚಾರಕ್ಕೆ ಮುಖ್ಯವಾದುವು. ಆಲ್ಝೈಮರನ ಹೆಸರಿನ ರೋಗದಲ್ಲಿ ಸಾಮಾನ್ಯವಾಗಿ ಮೊದಲು ಕೆಡುವುದು ನೆನಪು. ಪಿಕ್ಕನ ವರ್ಣನೆಯಿಂದ ಬೆಳೆದುಬಂದ, ಈಗ ಫ್ರಾಂಟೊಟೆಂಪೊರಲ್ ಡಿಮೆನ್ಷಿಯಾ ಎನ್ನಿಸಿಕೊಳ್ಳುವ ರೋಗದಲ್ಲಿ ಹಣೆಯ ಹಿಂದೆಯೂ ಕಿವಿಗಳ ಮಗ್ಗುಲಲ್ಲಿಯೂ ಇರುವ ಮಿದುಳಿನ ಭಾಗಗಳು ಮೊದಲು ಕ್ಷೀಣಿಸುವುದರಿಂದ, ಅದರ ಒಂದು ಪ್ರಕಾರದಲ್ಲಿ ನೆನಪು ಇನ್ನೂ ಒಳ್ಳೆಯದಾಗಿರುವಾಗಲೇ ನಡತೆಯು ಕೆಡುತ್ತದೆ. ೨೦೧೧ರಲ್ಲಿ ಹಲವು ದೇಶಗಳ ವೈದ್ಯರು ಕೂಡಿ ಈ ಪ್ರಕಾರಕ್ಕೆ ನಿಶ್ಚಯಿಸಿದ ಆರು ಲಕ್ಷಣಗಳಲ್ಲಿ, ಪರರ ಸುಖದುಃಖಗಳಲ್ಲಿ ಸಹಾನುಭೂತಿಯು ಬೇಗನೆ ಲೋಪವಾಗುವುದೂ ಒಂದು. ಇಂತಹ ರೋಗಿಯ ಹೆಂಡತಿ ಅಳುತ್ತಿದ್ದರೆ ಅವನು ನೋಡಿಯೂ ನೋಡದವನಂತೆ ಊಟವನ್ನು ಕೇಳುವನು. ಮನೆಯವರು ಇದನ್ನು ರೋಗವೆನ್ನದೆ ಕಲ್ಲೆದೆಯೆನ್ನುವರು.

ಇನ್ನು ಪರೀಕ್ಷೆಯ ಸ್ವರೂಪ. ಅಮೆರಿಕದ ಪಾಲ್ ಎಕ್ಮನ್ ಮತ್ತು ವ್ಯಾಲೇಸ್ ಫ್ರೀಸನ್ ಎಂಬ ಮನಶ್ಶಾಸ್ತ್ರಜ್ಞರು ೧೯೭೬ರಲ್ಲಿ ಮುಖಭಾವಗಳ ೧೧೦ ಕಪ್ಪುಬಿಳುಪು ಛಾಯಾಚಿತ್ರಗಳ ಒಂದು ಸಂಗ್ರಹವನ್ನು ಪ್ರಕಟಿಸಿದರು. ಅದರಿಂದ ಹತ್ತು ಜನರ ಮುಖಗಳನ್ನು ಆರಿಸಿ, ಒಬ್ಬೊಬ್ಬರಿಗೂ ಸಂತೋಷ, ದುಃಖ, ಕೋಪ, ಭಯ, ಜುಗುಪ್ಸೆ, ಆಶ್ಚರ್ಯ ಎಂಬ ಆರಾರು ಭಾವಗಳಂತೆ ೬೦ ಚಿತ್ರಗಳನ್ನು ಜೋಡಿಸಿದ ಪರೀಕ್ಷೆಯೊಂದು ೨೦೦೨ರಲ್ಲಿ ಹೊರಬಂದಿತು. ಒಂದೊಂದು ಚಿತ್ರವನ್ನೂ ಐದು ಸೆಕೆಂಡುಗಳ ಕಾಲ ತೋರಿಸುವರು. ಆರು ಹೆಸರುಗಳ ಪಟ್ಟಿಯಿಂದ ರೋಗಿಯು ಒಂದನ್ನು ಆರಿಸಬೇಕು. ಸರಿಯಾದ ಉತ್ತರಕ್ಕೆ ಒಂದು ಅಂಕದಂತೆ ಪೂರ್ಣಾಂಕವು ೬೦. ಈ ಕ್ಷೇತ್ರದಲ್ಲಿ ಬಹುವಾಗಿ ಬಳಕೆಯಲ್ಲಿರುವ ಪರೀಕ್ಷೆಗಳಲ್ಲಿ ಇದೊಂದು. ಇತರ ಅನೇಕವೂ ಇದೇ ಅಚ್ಚಿನವು. ಆದುದರಿಂದ ಇದನ್ನೇ ಒಂದು ಗ್ರಂಥದಂತೆ ಮುಂದಿಟ್ಟುಕೊಂಡು ಗುಣದೋಷಗಳನ್ನು ನೋಡೋಣ.

ಗುಣವನ್ನು ಮೊದಲು ಹೇಳುವುದು ವಿಮರ್ಶಕನ ಧರ್ಮ. ಈ ಬಗೆಯ ಪರೀಕ್ಷೆಗಳಿಂದ ಲಾಭವಾಗಿರುವುದು ನಿಸ್ಸಂದೇಹ. ೧೯೯೯ರಲ್ಲಿ ಫ್ರಾನ್ಸಿನ ಸಂಶೋಧಕರು, ಮೇಲೆ ಹೇಳಿದ ಎರಡು ಬಗೆಯ ರೋಗಿಗಳಿಗೂ ಮುಖಚಿತ್ರಗಳನ್ನು ತೋರಿಸಿ, ಫ್ರಾಂಟೊಟೆಂಪೊರಲ್ ರೋಗಿಗಳೇ ಭಾವಗಳನ್ನು ಗುರುತಿಸುವುದರಲ್ಲಿ ಹೆಚ್ಚಾಗಿ ತಪ್ಪುವರೆಂದು ತೋರಿಸಿದರು. ಆಮೇಲೆ ಬೇರೆ ಬೇರೆ ದೇಶಗಳಲ್ಲಿ ನಡೆದ ಅನೇಕ ಪರಿಶೋಧನೆಗಳು ಇದನ್ನು ಸಮರ್ಥಿಸಿದುವು. ನೆನಪಿನ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಏನೂ ರೋಗವಿಲ್ಲವೆಂದು ಹೇಳಿಸಿಕೊಂಡು ಹಿಂದಿರುಗಬಹುದಾಗಿದ್ದ ರೋಗಿಯ ಕಷ್ಟವು ಇಲ್ಲಿ ಗೋಚರವಾಗುತ್ತದೆ. ಅವನ ನಡತೆಯು ದುಷ್ಟತನವಲ್ಲ, ಮಿದುಳಿನ ವ್ಯಾಧಿಯೆಂದು ಮನೆಯವರಿಗೆ ಹೇಳಲು ವೈದ್ಯನಿಗೆ ಒಂದು ಆಧಾರ ಸಿಕ್ಕುತ್ತದೆ. ೨೦೧೩ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ಪ್ರಕಟಿಸಿದ ರೋಗವಿಂಗಡಣೆಯ ಐದನೆಯ ಆವೃತ್ತಿಯಲ್ಲಿ, ಬುದ್ಧಿವ್ಯಾಪಾರದ ಆರು ವಿಭಾಗಗಳಲ್ಲಿ ಸಾಮಾಜಿಕ ಜ್ಞಾನವೆಂಬುದನ್ನೂ ಒಂದಾಗಿ ಎಣಿಸಿ, ಭಾವಗಳನ್ನು ಗುರುತಿಸುವ ಶಕ್ತಿಯನ್ನು ಅದರಲ್ಲಿ ಸೇರಿಸಿದ್ದಾರೆ. ಇದು ಯುಕ್ತವಾದ ಸ್ಥಾನ. ನಮ್ಮ ಆಕ್ಷೇಪವು ಭಾವವನ್ನು ಪರೀಕ್ಷಿಸುವುದಕ್ಕಲ್ಲ. ಅದನ್ನು ಪರೀಕ್ಷಿಸುವ ಕ್ರಮಕ್ಕೂ, ಅದರ ಅಂಕದಿಂದ ತೆಗೆಯುವ ಅನುಮಾನಕ್ಕೂ ಮಾತ್ರ.

ಮೊದಲನೆಯ ಆಕ್ಷೇಪವು ಸಾಮಗ್ರಿಯನ್ನು ಕುರಿತದ್ದು. ನಮ್ಮ ಶಾಸ್ತ್ರಕಾರರ ಪ್ರಕಾರ ಭಾವದ ಪ್ರತೀತಿಗೆ ಕಾರಣವು ಒಂದಲ್ಲ. ವಿಭಾವ, ಅನುಭಾವ, ವ್ಯಭಿಚಾರಿಗಳ ಕೂಟ. ಭಾವವನ್ನು ಹುಟ್ಟಿಸಿದ ಸನ್ನಿವೇಶವು ವಿಭಾವ. ಭಾವದಿಂದ ಹುಟ್ಟಿ ಮೈಯಲ್ಲಿ ಕಾಣುವ ಕಾರ್ಯವು ಅನುಭಾವ. ಮೂಲಭಾವದ ಮೇಲೆ ತೆರೆಗಳಂತೆ ಎದ್ದು ಅಡಗುವುವು ವ್ಯಭಿಚಾರಿಗಳು. ಭರತನು ಮುಖದ ಅಂಗಗಳ ಅಭಿನಯವನ್ನು ಉದಾಸೀನ ಮಾಡಿದವನಲ್ಲ. ನಾಟ್ಯಶಾಸ್ತ್ರದ ಎಂಟನೆಯ ಅಧ್ಯಾಯದಲ್ಲಿ ದೃಷ್ಟಿಗಳನ್ನೇ ೩೬ ಬಗೆಯಾಗಿ ವಿಂಗಡಿಸಿ, ಹುಬ್ಬು, ಮೂಗು, ಕೆನ್ನೆ, ತುಟಿಗಳ ಚಲನೆಗಳನ್ನು ಒಂದೊಂದಾಗಿ ಹೇಳಿದ್ದಾನೆ. ಅಷ್ಟು ಸೂಕ್ಷ್ಮವಾಗಿ ಮುಖವನ್ನು ನೋಡಿದವನೇ ಮುಖವೊಂದರಿಂದಲೇ ಭಾವವು ನಿಶ್ಚಿತವಾಗುವುದೆಂದು ಹೇಳಲಿಲ್ಲ. ಕಣ್ಣೀರು ದುಃಖದಿಂದಲೂ ಬರುವುದು, ಆನಂದದಿಂದಲೂ ಬರುವುದು, ಹೊಗೆಯಿಂದಲೂ ರೋಗದಿಂದಲೂ ಬರುವುದೆಂದು ಅವನು ಎಣಿಸಿದ್ದಾನೆ. ಮಮ್ಮಟನು ಕಾವ್ಯಪ್ರಕಾಶದ ನಾಲ್ಕನೆಯ ಉಲ್ಲಾಸದಲ್ಲಿ ಇದನ್ನೇ ತರ್ಕದ ಭಾಷೆಯಲ್ಲಿ ಸ್ಪಷ್ಟಪಡಿಸಿದ್ದಾನೆ. ಹುಲಿಯು ಭಯಕ್ಕೆ ವಿಭಾವವಾಗುವಂತೆ ಕ್ರೋಧಕ್ಕೂ ವಿಸ್ಮಯಕ್ಕೂ ಆಗಬಹುದು. ಕಣ್ಣೀರು ಶೃಂಗಾರದಲ್ಲಿರುವಂತೆ ಕರುಣದಲ್ಲಿಯೂ ಭಯಾನಕದಲ್ಲಿಯೂ ಇರುವುದು. ಆದುದರಿಂದ ಬಿಡಿಬಿಡಿಯಾಗಿ ಇವು ಅನೈಕಾಂತಿಕಗಳು, ಕೂಡಿದರೆ ಮಾತ್ರ ನಿಶ್ಚಾಯಕಗಳು ಎಂಬುದು ಅವನ ಅಭಿಪ್ರಾಯದ ಸಾರ.

ನಮ್ಮ ಹಿರಿಯರು ಎಲ್ಲವನ್ನೂ ಬಲ್ಲವರೆಂದು ಹೊಗಳುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಮಮ್ಮಟನು ಪ್ರಯೋಗವನ್ನು ಮಾಡಿದವನಲ್ಲ; ಅವನ ಮಾತನ್ನು ಪ್ರಯೋಗದಿಂದಲೇ ಪರೀಕ್ಷಿಸಬೇಕು. ಹಾಗೆ ಪರೀಕ್ಷಿಸಿದುದೂ ಉಂಟು. ೨೦೦೮ರಲ್ಲಿ ಹಿಲೆಲ್ ಅವಿಯೆಜರ್ ಮತ್ತು ಅವರ ಸಂಗಡಿಗರು, ಜುಗುಪ್ಸೆಯದೆಂದು ಪ್ರಸಿದ್ಧವಾದ ಒಂದೇ ಮುಖವನ್ನು ಬೇರೆ ಬೇರೆ ದೇಹಭಂಗಿಗಳ ಮೇಲೆ ಕೂಡಿಸಿ ತೋರಿಸಿದರು. ಮುಷ್ಟಿಯೆತ್ತಿದ ದೇಹದ ಮೇಲಿಟ್ಟಾಗ ಅದೇ ಮುಖವನ್ನು ನೋಡಿದವರಲ್ಲಿ ಹೆಚ್ಚು ಜನರು ಕೋಪವೆಂದರು. ನೋಡಿದವರು ರೋಗಿಗಳಲ್ಲ, ಆರೋಗ್ಯವಂತರು. ೨೦೧೯ರಲ್ಲಿ ಲೀಸಾ ಬ್ಯಾರೆಟ್ ಮೊದಲಾದ ಐವರು ವಿದ್ವಾಂಸರು ಇದುವರೆಗಿನ ಪರಿಶೋಧನೆಗಳನ್ನೆಲ್ಲ ಸಮಾಲೋಚಿಸಿ, ಮುಖದ ಚಲನೆಯೊಂದರಿಂದಲೇ ಇಂತಹ ಭಾವವೆಂದು ನಿಶ್ಚಯಿಸಲಾಗದೆಂಬ ನಿರ್ಣಯಕ್ಕೆ ಬಂದರು.

ಇಲ್ಲಿ ಗಮನಿಸತಕ್ಕ ಒಂದು ಸಂಗತಿಯುಂಟು. ಎಕ್ಮನ್ ಮತ್ತು ಫ್ರೀಸನ್ ಮುಖಭಾವಗಳು ಸಾರ್ವತ್ರಿಕವೆಂದು ಸಾಧಿಸಲು ನ್ಯೂಗಿನಿಯ ಫೋರೆ ಜನರಲ್ಲಿ ಮಾಡಿದ, ೧೯೭೧ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಬರಿಯ ಮುಖವನ್ನು ತೋರಿಸಿ ಹೆಸರನ್ನು ಕೇಳಲಿಲ್ಲ. ಒಂದು ಚಿಕ್ಕ ಕಥೆಯನ್ನು ಹೇಳಿ, ಅದಕ್ಕೆ ತಕ್ಕ ಮುಖವನ್ನು ಆರಿಸೆಂದು ಕೇಳಿದರು. ಎಂದರೆ ವಿಭಾವವನ್ನು ತಾವೇ ಒದಗಿಸಿಕೊಟ್ಟರು. ಹಾಗಿದ್ದರೂ ಭಯಕ್ಕೂ ಆಶ್ಚರ್ಯಕ್ಕೂ ಇರುವ ಭೇದವು ಆ ಜನರಿಗೆ ಸರಿಯಾಗಿ ಹೊಂದಲಿಲ್ಲ. ಆಸ್ಪತ್ರೆಯ ಪರೀಕ್ಷೆಯಲ್ಲಿ ಆ ಕಥೆಯೂ ಬಿದ್ದುಹೋಗಿ, ಚಿತ್ರವೂ ಆರು ಹೆಸರುಗಳೂ ಮಾತ್ರ ಉಳಿದಿವೆ. ಸಾಮಗ್ರಿಯನ್ನು ಕಡಮೆ ಮಾಡಿ, ಪ್ರತೀತಿಯು ಕಡಮೆಯಾಯಿತೆಂದು ರೋಗಿಯನ್ನು ದೂಷಿಸುವುದು ನ್ಯಾಯವಲ್ಲ.

ಎರಡನೆಯ ಆಕ್ಷೇಪವು ಶಬ್ದವನ್ನು ಕುರಿತದ್ದು. ಚಿತ್ರವನ್ನು ನೋಡಿ ಉತ್ತರವನ್ನು ಕೊಡುವಷ್ಟರಲ್ಲಿ ರೋಗಿಯು ಮಾಡಬೇಕಾದ ಕೆಲಸಗಳು ಹಲವು. ಮುಖವನ್ನು ಸರಿಯಾಗಿ ಕಾಣಬೇಕು. ಅದರಲ್ಲಿರುವ ವಿಕಾರವನ್ನು ಗ್ರಹಿಸಬೇಕು. ಗ್ರಹಿಸಿದುದು ಇಂತಹ ಭಾವವೆಂದು ತಿಳಿಯಬೇಕು. ಪಟ್ಟಿಯಲ್ಲಿರುವ ಆರು ಮಾತುಗಳ ಅರ್ಥಗಳನ್ನು ನೆನಪಿನಲ್ಲಿಟ್ಟುಕೊಂಡು ಹೋಲಿಸಬೇಕು. ಕೊನೆಗೆ ಒಂದನ್ನು ಆರಿಸಬೇಕು. ಇವುಗಳಲ್ಲಿ ಯಾವುದು ಕುಂಟಿದರೂ ಅಂಕವು ಇಳಿಯುವುದು. ೧೯೯೪ರಲ್ಲಿಯೇ ಜೇಮ್ಸ್ ರಸೆಲ್ ಎಂಬ ಪಂಡಿತನು, ಕೊಟ್ಟ ಪಟ್ಟಿಯಿಂದಲೇ ಆರಿಸಬೇಕೆಂಬ ಕಟ್ಟು ಫಲಿತಾಂಶವನ್ನು ರೂಪಿಸಿಬಿಡುವುದೆಂದು ಎತ್ತಿತೋರಿಸಿದ್ದನು. ಡಿಮೆನ್ಷಿಯಾದ ವಿಷಯದಲ್ಲಿ ಇದು ಇನ್ನೂ ಗುರುತರವಾದ ದೋಷ. ಏಕೆಂದರೆ ಇದರ ಕೆಲವು ಭೇದಗಳಲ್ಲಿ ಕೆಡುವುದೇ ಶಬ್ದಾರ್ಥಜ್ಞಾನ.

ಇದಕ್ಕೆ ಒಳ್ಳೆಯ ನಿದರ್ಶನವು ೨೦೧೪ರಲ್ಲಿ ಪ್ರಕಟವಾಗಿದೆ. ಮಾತುಗಳ ಅರ್ಥವೇ ಅಳಿದುಹೋಗುವ ಸೆಮ್ಯಾಂಟಿಕ್ ಡಿಮೆನ್ಷಿಯಾ ಎಂಬ ರೋಗವುಳ್ಳ ಮೂವರಿಗೆ ಕ್ರಿಸ್ಟನ್ ಲಿಂಡ್‌ಕ್ವಿಸ್ಟ್ ಮತ್ತು ಅವರ ಸಂಗಡಿಗರು ಯಾವ ಹೆಸರನ್ನೂ ಹೇಳದೆ ಮುಖಚಿತ್ರಗಳ ಕಟ್ಟನ್ನು ಕೊಟ್ಟು, ಒಂದೇ ಬಗೆಯವೆಂದು ತೋರುವುವನ್ನು ಒಂದೊಂದು ಗುಂಪಾಗಿ ಇಡಿರೆಂದರು. ಅವರು ಭಯ, ಕೋಪ, ದುಃಖ, ಜುಗುಪ್ಸೆಗಳನ್ನು ಬೇರೆ ಬೇರೆಯಾಗಿ ಇಡಲಿಲ್ಲ. ಆದರೆ ಹಿತವಾದುವು, ಅಹಿತವಾದುವು, ಎರಡೂ ಅಲ್ಲದುವು ಎಂದು ಗುಂಪುಮಾಡಿದರು. ಮುಖದಲ್ಲಿ ಹಿತಾಹಿತಗಳ ಬೋಧವು ಅವರಿಗೆ ಉಳಿದಿತ್ತು. ಹೋಗಿದ್ದುದು ಅಹಿತದೊಳಗಣ ಭೇದಗಳನ್ನು ಕಟ್ಟಿಕೊಡುವ ಪದಾರ್ಥಜ್ಞಾನ. ೬೦ ಚಿತ್ರಗಳ ಪರೀಕ್ಷೆಯಾದರೋ ಇವರನ್ನೂ, ಏನನ್ನೂ ಗ್ರಹಿಸಲಾರದವನನ್ನೂ ಒಂದೇ ಸಂಖ್ಯೆಯ ಕೆಳಗೆ ನಿಲ್ಲಿಸಬಹುದು.

ಈ ಪರೀಕ್ಷೆಯನ್ನು ಕನ್ನಡಿಗರಲ್ಲಿ ನಡೆಸುವಾಗ ಮಾತಿನ ತೊಡಕು ಇನ್ನೊಂದು ರೂಪವನ್ನು ತಾಳುತ್ತದೆ. ಪಟ್ಟಿಯಲ್ಲಿ ಜುಗುಪ್ಸೆ ಎಂದು ಬರೆದರೆ ಶಾಸ್ತ್ರವನ್ನೋದಿದವನಿಗೆ ಅರ್ಥವಾದೀತು. ಹಳ್ಳಿಯ ಮುದುಕಿಗೆ ಆಗದು. ಹೇಸಿಗೆ ಎಂದರೆ ಅವಳಿಗೆ ತಿಳಿಯುವುದು, ಆದರೆ ಅದು ಕೊಳೆಯನ್ನು ಕಂಡಾಗಿನ ಭಾವವನ್ನೇ ಮುಖ್ಯವಾಗಿ ಸೂಚಿಸುವುದಲ್ಲದೆ ಕೊಳೆಯ ಹೆಸರೂ ಆಗಿದೆ. ಅಸಹ್ಯವೆಂದರೆ ಕೆಟ್ಟ ನಡತೆಯನ್ನು ಕಂಡಾಗಿನ ಸಹಿಸದಿಕೆಯೂ ಸೇರುವುದು. ಮೈಸೂರಿನ ಕಡೆಯವರು ಹೆದರಿಕೆ ಎನ್ನುವಲ್ಲಿ ಧಾರವಾಡದ ಕಡೆಯವರು ಅಂಜಿಕೆ ಎನ್ನುವರು. ಕೋಪ, ಸಿಟ್ಟು, ರೋಷ ಇವುಗಳ ಅಂತರವನ್ನು ಬಲ್ಲವರೇ ಬಲ್ಲರು. ಸಂತೋಷವೆಂಬ ಒಂದೇ ಮಾತಿನೊಳಗೆ ಭರತನ ಹಾಸವೂ ರತಿಯ ಒಂದು ಭಾಗವೂ ಅಡಗಿರುವುವು. ಅವನ ಎಂಟು ಸ್ಥಾಯಿಗಳಲ್ಲೊಂದಾದ ಉತ್ಸಾಹಕ್ಕಂತೂ ಎಕ್ಮನ್ನನ ಆರರಲ್ಲಿ ಸ್ಥಳವೇ ಇಲ್ಲ. ಇಂಥ ಮಾತುಗಳನ್ನು ನಿಘಂಟಿನಿಂದ ತೆಗೆದು ಪಟ್ಟಿಗೆ ಹಚ್ಚಿದರೆ, ಪರೀಕ್ಷಿಸಲ್ಪಡುವುದು ರೋಗಿಯ ಭಾವಗ್ರಹಣವೋ ಅನುವಾದಕನ ಪಾಂಡಿತ್ಯವೋ ಎಂಬ ಸಂಶಯವುಂಟಾಗುವುದು.

ಮುಖಗಳ ವಿಷಯದಲ್ಲಿಯೂ ಹೀಗೆಯೇ. ತಮ್ಮ ಜನದ ಮುಖಭಾವಗಳನ್ನು ತಮ್ಮವರು ಸ್ವಲ್ಪ ಹೆಚ್ಚು ಸರಿಯಾಗಿ ಗುರುತಿಸುವರೆಂದು ಎಲ್ಫೆನ್‌ಬೈನ್ ಮತ್ತು ಅಂಬಾಡಿ ಎಂಬವರು ೨೦೦೨ರಲ್ಲಿ ಅನೇಕ ಪರಿಶೋಧನೆಗಳನ್ನು ಕೂಡಿಸಿ ತೋರಿಸಿದ್ದಾರೆ. ಈ ಕೊರತೆಯನ್ನು ಕಂಡೇ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಭಾರತೀಯ ನಟನಟಿಯರ ಮುಖಗಳಿಂದ, ಸ್ಥಿರಚಿತ್ರಗಳನ್ನೂ ಚಲಿಸುವ ಚಿತ್ರಗಳನ್ನೂ ಒಳಗೊಂಡ ಟ್ರೆಂಡ್ಸ್ ಎಂಬ ಪರೀಕ್ಷೆಯನ್ನು ರಚಿಸಿ ೨೦೦೮ರಲ್ಲಿ ಪ್ರಕಟಿಸಿದರು. ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿಯು ನೆನಪು, ಮಾತು ಮೊದಲಾದುವನ್ನು ಪರೀಕ್ಷಿಸಲು ಸಿದ್ಧಪಡಿಸಿದ ಸಾಧನಸಂಪುಟವು ಹಿಂದಿ, ಬಂಗಾಳಿ, ತೆಲುಗು, ಮಲಯಾಳಗಳೊಡನೆ ಕನ್ನಡದಲ್ಲಿಯೂ ಇದೆ. ದಾರಿಯು ತೆರೆದಿದೆಯೆಂಬುದಕ್ಕೆ ಇವು ಸಾಕ್ಷಿ.

ಮೂರನೆಯದೂ ಪ್ರಧಾನವೂ ಆದ ಆಕ್ಷೇಪವು ರೋಗದ ಗತಿಯನ್ನು ಕುರಿತದ್ದು. ರೋಗಿಯ ಅಂಕವು ಈ ವರ್ಷ ೪೨ ಇದ್ದು ಮುಂದಿನ ವರ್ಷ ೩೬ ಆಯಿತೆಂದು ಇಟ್ಟುಕೊಳ್ಳೋಣ. ಭಾವಗ್ರಹಣವು ಕುಗ್ಗಿತು, ಆದುದರಿಂದ ರೋಗವು ಬೆಳೆಯಿತು ಎಂದು ಅನುಮಾನಿಸುವರು. ಈ ಹೇತುವು ಅನ್ಯಥಾಸಿದ್ಧವಲ್ಲವೆಂದು ಮೊದಲು ತೋರಿಸಬೇಕು. ಕಣ್ಣಿನ ಪೊರೆ ಬೆಳೆದಿರಬಹುದು. ಮಾತಿನ ಅರ್ಥ ಮಸಕಾಗಿರಬಹುದು. ಐದು ಸೆಕೆಂಡುಗಳ ಅವಧಿಯು ನಿಧಾನವಾದ ಬುದ್ಧಿಗೆ ಸಾಲದೆ ಹೋಗಿರಬಹುದು. ರೋಗವೇ ಇಲ್ಲದ ವೃದ್ಧರು ಕೂಡ ಕೋಪ, ದುಃಖ, ಭಯಗಳನ್ನು ಗುರುತಿಸುವುದರಲ್ಲಿ ತರುಣರಿಗಿಂತ ಹಿಂದೆಂದು ರಫ್‌ಮನ್ ಮೊದಲಾದವರ ೨೦೦೮ರ ಸಮಾಲೋಚನೆಯಿಂದ ತಿಳಿಯುತ್ತದೆ. ಮತ್ತೊಂದು ಕಡೆ, ಅವೇ ಅರವತ್ತು ಚಿತ್ರಗಳನ್ನು ಎರಡನೆಯ ಸಲ ನೋಡಿದವನಿಗೆ ಅಭ್ಯಾಸದಿಂದ ಅಂಕವು ಏರಲೂಬಹುದು. ಹೀಗೆ ಏರಿಸುವುವೂ ಇಳಿಸುವುವೂ ಆದ ಬೇರೆ ಕಾರಣಗಳಿರುವಾಗ, ಅಂಕದ ವ್ಯತ್ಯಾಸವೆಲ್ಲವೂ ರೋಗದ ಗತಿಯೆಂದು ಹೇಳಲಾಗುವುದಿಲ್ಲ.

ಇದಲ್ಲದೆ ಈ ಅಳತೆಗೋಲಿನ ಎರಡು ತುದಿಗಳೂ ಮೊಂಡು. ಸಂತೋಷದ ಮುಖವನ್ನು ಬಹುಮಟ್ಟಿಗೆ ಎಲ್ಲರೂ ಗುರುತಿಸುವರು. ಆ ಹತ್ತು ಚಿತ್ರಗಳಿಂದ ರೋಗದ ಆರಂಭವು ತಿಳಿಯುವುದು ಕಷ್ಟ. ಭಯದ ಮುಖವನ್ನು ಆರೋಗ್ಯವಂತರೂ ಆಶ್ಚರ್ಯವೆಂದು ಮೇಲಿಂದ ಮೇಲೆ ತಪ್ಪುವರು. ಕೆಳತುದಿಯಲ್ಲಿ, ಆರು ಹೆಸರುಗಳಲ್ಲಿ ಒಂದನ್ನು ಕಣ್ಣುಮುಚ್ಚಿ ಆರಿಸಿದರೂ ೬೦ರಲ್ಲಿ ಸುಮಾರು ೧೦ ಅಂಕಗಳು ಬರುವುವು. ಅಲ್ಲಿಗೆ ತಲಪಿದವನ ರೋಗವು ಮುಂದೆ ಎಷ್ಟು ಬೆಳೆದರೂ ಅಂಕವು ಅದನ್ನು ಹೇಳಲಾರದು. ಫ್ರಾಂಟೊಟೆಂಪೊರಲ್ ರೋಗಿಯು ಮೊದಲಿನಿಂದಲೇ ಕಡಮೆ ಅಂಕವನ್ನು ಪಡೆಯುವುದರಿಂದ ಅವನಿಗೆ ಇಳಿಯಲು ಉಳಿದಿರುವ ಮೆಟ್ಟಲುಗಳೇ ಕೆಲವು. ಒಟ್ಟಂಕವಂತೂ ಭೇದಗಳನ್ನು ಮುಚ್ಚಿಬಿಡುತ್ತದೆ: ಇಬ್ಬರಿಗೆ ಒಂದೇ ಒಟ್ಟಂಕವು ಬಂದರೆ, ಒಬ್ಬನು ಕೋಪ ಜುಗುಪ್ಸೆಗಳೆರಡರಲ್ಲಿಯೇ ಸೋತಿರಬಹುದು, ಮತ್ತೊಬ್ಬನು ಎಲ್ಲದರಲ್ಲಿಯೂ ಅಷ್ಟಷ್ಟು ತಪ್ಪಿರಬಹುದು. ಇವರಿಬ್ಬರ ಮನೆಯ ಕಷ್ಟಗಳು ಒಂದೇ ಅಲ್ಲ.

ಇಷ್ಟರಿಂದ ನಮಗೆ ತೋರುವುದೇನೆಂದರೆ, ಈ ಪರೀಕ್ಷೆಯು ಒರೆಗಲ್ಲೇ ಹೊರತು ತಕ್ಕಡಿಯಲ್ಲ. ಒರೆಗಲ್ಲು ಹೊನ್ನನ್ನೂ ಹಿತ್ತಾಳೆಯನ್ನೂ ಬೇರೆಮಾಡಿ ತೋರಿಸುವುದು. ಹೊನ್ನು ಎಷ್ಟು ತೂಕವೆಂದು ಹೇಳುವುದಿಲ್ಲ. ಒಂದು ಗುಂಪಿನ ರೋಗಿಗಳನ್ನು ಮತ್ತೊಂದು ಗುಂಪಿನಿಂದ ಬೇರ್ಪಡಿಸಲು ಮುಖಚಿತ್ರಗಳು ಸಮರ್ಥವಾಗಿವೆ. ಅಷ್ಟರಿಂದಲೇ ಒಬ್ಬ ರೋಗಿಯ ರೋಗವು ವರ್ಷವರ್ಷಕ್ಕೂ ಎಷ್ಟು ಮುಂದುವರಿಯಿತೆಂದು ಅಳೆಯಲು ಸಮರ್ಥವೆಂದು ಸಿದ್ಧವಾಗುವುದಿಲ್ಲ. ಭೇದಕತ್ವವು ಬೇರೆ, ಪರಿಮಾಪಕತ್ವವು ಬೇರೆ. ಎರಡನೆಯದನ್ನು ಬೇರೆ ಪ್ರಮಾಣಗಳಿಂದಲೇ ಸಾಧಿಸಬೇಕು.

ಇಲ್ಲಿ ಪೂರ್ವಪಕ್ಷಿಯು ಹೀಗೆ ಹೇಳಬಹುದು: "ರೋಗಿಗಳು ದಣಿಯುವರು; ಬಹಳ ಹೊತ್ತು ಕೂರಲಾರರು. ಚಿತ್ರಪರೀಕ್ಷೆಯು ಸಂಕ್ಷಿಪ್ತ, ಎಲ್ಲ ದೇಶಗಳಲ್ಲಿಯೂ ಏಕರೂಪ. ನೀವು ಹೇಳುವ ವಿಭಾವವನ್ನು ಸೇರಿಸಿದರೆ ಕಥೆಯನ್ನು ಕೇಳಬೇಕು, ನೆನಪಿಡಬೇಕು, ಅರ್ಥಮಾಡಿಕೊಳ್ಳಬೇಕು; ಆಗ ಪರೀಕ್ಷೆಯು ನೆನಪಿನದೂ ಭಾಷೆಯದೂ ಆಗಿಬಿಡುವುದು. ಅನ್ಯಥಾಸಿದ್ಧಿಯ ದೋಷವನ್ನು ಕಳೆಯಹೋಗಿ ನೀವೇ ಅದನ್ನು ಹೆಚ್ಚಿಸಿದಂತಾಗುವುದು." ಈ ಆಕ್ಷೇಪವು ಬಲವಾದುದು. ಆಸ್ಟ್ರೇಲಿಯದ ಸ್ಕೈ ಮೆಕ್‌ಡೊನಾಲ್ಡ್ ಮತ್ತು ಅವರ ಸಂಗಡಿಗರು ಮಿದುಳಿಗೆ ಪೆಟ್ಟುಬಿದ್ದವರಿಗಾಗಿ ರಚಿಸಿದ, ಆಮೇಲೆ ಡಿಮೆನ್ಷಿಯಾದಲ್ಲಿಯೂ ಬಳಕೆಗೆ ಬಂದ ಪರೀಕ್ಷೆಯೊಂದುಂಟು. ಅದರಲ್ಲಿ ನಟರು ಅಭಿನಯಿಸಿದ ಚಿಕ್ಕ ಚಿಕ್ಕ ದೃಶ್ಯಗಳನ್ನು ಚಲಚ್ಚಿತ್ರದಲ್ಲಿ ತೋರಿಸಿ, ಭಾವವನ್ನೂ ವ್ಯಂಗ್ಯವನ್ನೂ ಕುರಿತು ಕೇಳುವರು. ದನಿ, ಮೈಯ ಚಲನೆ, ಸನ್ನಿವೇಶಗಳು ಕೂಡಿರುವುದರಿಂದ ಅದು ಲೋಕಕ್ಕೆ ಹತ್ತಿರವಾದುದು. ಆದರೆ ಮಾತಿನ ಹೊರೆ ಅದರಲ್ಲಿ ಹೆಚ್ಚೆಂಬುದನ್ನೂ ಒಪ್ಪಬೇಕು.

ಸಮಾಧಾನವೇನೆಂದರೆ, ಒಂದನ್ನು ಬಿಟ್ಟು ಒಂದನ್ನು ಹಿಡಿಯೆಂದು ನಾವು ಹೇಳುತ್ತಿಲ್ಲ, ಅನ್ವಯವ್ಯತಿರೇಕಗಳಿಂದ ನೋಡಬೇಕೆನ್ನುತ್ತೇವೆ. ಅದೇ ರೋಗಿಗೆ ಬರಿಯ ಮುಖವನ್ನು ಒಮ್ಮೆ, ಸನ್ನಿವೇಶದೊಡನೆ ಕೂಡಿದ ಮುಖವನ್ನು ಒಮ್ಮೆ ತೋರಿಸಲಿ. ಹೆಸರನ್ನು ಕೇಳುವುದು ಒಂದು; ಹೆಸರಿಲ್ಲದೆ ಒಂದೇ ಭಾವದ ಎರಡು ಮುಖಗಳನ್ನು ಜೋಡಿಸೆಂದು ಕೇಳುವುದು ಮತ್ತೊಂದು. ಭಾವವನ್ನು ಬಿಟ್ಟು, ಇವೆರಡು ಒಬ್ಬನದೇ ಮುಖವೋ ಅಲ್ಲವೋ ಎಂದು ಕೇಳುವುದು ಮೂರನೆಯದು. ಮೂರನೆಯದರಲ್ಲಿ ಸೋತವನಿಗೆ ಕೊರತೆಯು ನೋಟದಲ್ಲಿ. ಮೂರನೆಯದರಲ್ಲಿಯೂ ಎರಡನೆಯದರಲ್ಲಿಯೂ ಗೆದ್ದು ಮೊದಲನೆಯದರಲ್ಲಿ ಸೋತವನಿಗೆ ಕೊರತೆಯು ಶಬ್ದದಲ್ಲಿ. ಮುಖದ ಗುರುತು ಸರಿಯಾಗಿದ್ದು ಹೆಸರಿಲ್ಲದೆಯೂ ಸೋತವನಿಗೆ ಮಾತ್ರ ಕೊರತೆಯು ಭಾವಗ್ರಹಣದಲ್ಲಿ. ಇಂತಹ ಜೋಡಣೆಯ ಪ್ರಯೋಗಗಳನ್ನು ಕೆಲವು ಸಂಶೋಧಕರು ಮಾಡಿರುವುದೂ ಉಂಟು. ಅವು ಗತಿಯನ್ನು ಅಳೆಯುವ ಎಲ್ಲ ಯತ್ನಗಳಿಗೂ ಕಡ್ಡಾಯವಾಗಬೇಕೆಂಬುದೇ ನಮ್ಮ ವಾದ.

ರೋಗದ ಮಟ್ಟವನ್ನು ಹೇಳಲು ವೈದ್ಯರು ಬಳಸುವ ಹಳೆಯ ಸಾಧನಗಳಲ್ಲಿ ಭಾವಕ್ಕೆ ಸ್ಥಳವೇ ಇರಲಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ೧೯೭೫ರಲ್ಲಿ ಫೋಲ್‌ಸ್ಟೈನ್ ಮೊದಲಾದವರು ಪ್ರಕಟಿಸಿದ ೩೦ ಅಂಕಗಳ ಪರೀಕ್ಷೆಯು ದಿನ, ಸ್ಥಳ, ನೆನಪು, ಲೆಕ್ಕ, ಮಾತುಗಳನ್ನು ಕೇಳುವುದು. ೧೯೮೨ರಲ್ಲಿ ಅಮೆರಿಕದ ಸೇಂಟ್ ಲೂಯಿಯಲ್ಲಿ ರಚಿತವಾದ ಮಟ್ಟನಿರ್ಣಯದ ಪಟ್ಟಿಯು ನೆನಪು, ದಿಕ್ಕುಕಾಲಗಳ ಅರಿವು, ವಿವೇಚನೆ, ಹೊರಗಿನ ವ್ಯವಹಾರ, ಮನೆಯ ಕೆಲಸ, ತನ್ನ ಮೈಯ ಆರೈಕೆ ಎಂಬ ಆರನ್ನು ನೋಡಿ, ಸೊನ್ನೆಯಿಂದ ೩ರವರೆಗೆ ಮಟ್ಟವನ್ನು ಕೊಡುವುದು. ಫ್ರಾಂಟೊಟೆಂಪೊರಲ್ ರೋಗಕ್ಕೆ ಇದು ಸಾಲದೆಂದು ಕಂಡು, ೨೦೦೮ರಲ್ಲಿ ನಡತೆ ಮತ್ತು ಭಾಷೆ ಎಂಬ ಎರಡನ್ನು ಅದಕ್ಕೆ ಸೇರಿಸಿದರು. ಭಾವಪರೀಕ್ಷೆಯನ್ನು ಗತಿಯ ಅಳತೆಯೊಳಗೆ ತರಬೇಕೆಂಬ ಆಸೆಯು ಈ ಕೊರತೆಯಿಂದಲೇ ಹುಟ್ಟಿದುದು, ಆಸೆಯು ಸಾಧುವಾದುದು. ಸಾಧುವಾದ ಆಸೆಗೆ ಒಪ್ಪುವ ಸಾಧನವು ಬೇಕು, ಅಷ್ಟೆ.

ಕೊನೆಯದಾಗಿ, ಇವೆಲ್ಲಕ್ಕಿಂತಲೂ ಸೂಕ್ಷ್ಮವಾದ ಒಂದು ವಿವೇಕವಿದೆ. ಪರರ ಭಾವವನ್ನು ಗುರುತಿಸುವುದು ಬೇರೆ, ತಾನು ಭಾವವನ್ನು ಅನುಭವಿಸುವುದು ಬೇರೆ. ಮೊದಲನೆಯದರ ಅಂಕವು ಇಳಿದುದರಿಂದ ಎರಡನೆಯದು ಅಳಿಯಿತೆಂದು ಊಹಿಸುವುದು ಹೇತುವಿಲ್ಲದ ಅನುಮಾನ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಗುಸ್ಮಾನ್-ವೆಲೆಸ್, ಫೈನ್‌ಸ್ಟೈನ್, ಟ್ರಾನೆಲ್ ಎಂಬವರು ನಡೆಸಿ ೨೦೧೪ರಲ್ಲಿ ಪ್ರಕಟಿಸಿದ ಪರಿಶೋಧನೆಯು ಇಲ್ಲಿ ಸ್ಮರಣೀಯ. ಆಲ್ಝೈಮರ್ ರೋಗಿಗಳು ೧೭ ಮಂದಿಗೂ ಆರೋಗ್ಯವಂತರು ೧೭ ಮಂದಿಗೂ ದುಃಖವನ್ನು ಹುಟ್ಟಿಸುವ ಚಲಚ್ಚಿತ್ರಭಾಗಗಳನ್ನೂ ಸಂತೋಷವನ್ನು ಹುಟ್ಟಿಸುವುವನ್ನೂ ತೋರಿಸಿದರು. ಸ್ವಲ್ಪ ಹೊತ್ತಿನಲ್ಲಿಯೇ ರೋಗಿಗಳು ತಾವು ನೋಡಿದುದನ್ನು ಬಹುಮಟ್ಟಿಗೆ ಮರೆತರು. ಆದರೆ ದುಃಖವೂ ಸಂತೋಷವೂ ಅವರಲ್ಲಿ ಆಮೇಲೆಯೂ ನಿಂತಿದ್ದುವು. ವಿಭಾವವು ನೆನಪಿನಿಂದ ಜಾರಿಹೋದರೂ ಭಾವವು ಉಳಿಯಿತು. ಏಕೆ ಅಳುತ್ತೀಯೆಂದು ಕೇಳಿದರೆ ಹೇಳಲಾರದವನು ಕಾರಣವಿಲ್ಲದೆ ಅಳುತ್ತಿರುವನೆಂದು ಅರ್ಥವಲ್ಲ. ಬೆಳಿಗ್ಗೆ ಆಡಿದ ಒರಟುಮಾತು ಮರೆತುಹೋಗಿ ಅದರ ನೋವು ಮಧ್ಯಾಹ್ನಕ್ಕೂ ಉಳಿದಿರಬಹುದು. ಹಾಗೆಯೇ, ಮೊಮ್ಮಗನು ಬಂದುಹೋದುದು ನೆನಪಿಲ್ಲದಿದ್ದರೂ ಬಂದುದರ ಸಂತೋಷವು ಮುಖದಲ್ಲಿ ಉಳಿದಿರಬಹುದು. ಹೇಗೂ ಮರೆತುಬಿಡುವರಲ್ಲ, ಹೋಗಿ ನೋಡುವುದೇಕೆ ಎನ್ನುವವರಿಗೆ ಇದು ಉತ್ತರ. ಅಂಕವನ್ನು ಅಂಕವೆಂದು ಓದದೆ ಹೃದಯದ ಲೆಕ್ಕವೆಂದು ಓದಿದರೆ ರೋಗಿಗೆ ಆಗುವ ಅನ್ಯಾಯವು ಇದು.

ಈ ವಿಮರ್ಶೆಯ ಸಾರಾಂಶವನ್ನು ಹೀಗೆ ಹೇಳಬಹುದು. ಭಾವಗ್ರಹಣವನ್ನು ಪರೀಕ್ಷಿಸುವುದು ಅವಶ್ಯ; ಅದರಿಂದ ರೋಗಭೇದವು ತಿಳಿಯುತ್ತದೆ. ಆದರೆ ವಿಭಾವವಿಲ್ಲದ ಒಂದೇ ಮುಖವು ಅನೈಕಾಂತಿಕವಾದ ಹೇತು; ಹೆಸರಿಸುವುದು ಗ್ರಹಿಸುವುದಕ್ಕೆ ಸಮವಲ್ಲ; ನೋಟ, ಭಾಷೆ, ವಯಸ್ಸು, ಅಭ್ಯಾಸಗಳನ್ನು ಬೇರ್ಪಡಿಸುವವರೆಗೆ ಅಂಕದ ಇಳಿತವು ರೋಗದ ಗತಿಗೆ ಪ್ರಮಾಣವಾಗದು; ಗುರುತಿಸಲಾರದವನು ಅನುಭವಿಸಲಾರನೆಂಬುದು ಅಸಿದ್ಧ.

ಈ ಕಾರ್ಯದಲ್ಲಿ ನಮ್ಮಂಥವರಿಗೂ ಪಾಲುಂಟು. ಯಾವ ಸೀಮೆಯ ಮುದುಕರಿಗೆ ಯಾವ ಮಾತು ಯಾವ ಭಾವವನ್ನು ಸೂಚಿಸುವುದೆಂದು ಗೊತ್ತುಮಾಡಿ ಪಟ್ಟಿಕೊಡುವುದು ಕನ್ನಡದ ಅಧ್ಯಾಪಕರು ಮಾಡಬಲ್ಲ ಕೆಲಸ. ಒಂದು ಭಾವಕ್ಕೆ ಎಲ್ಲರೂ ಒಪ್ಪುವ, ಎರಡೇ ವಾಕ್ಯಗಳ ಸನ್ನಿವೇಶಗಳನ್ನು ನಮ್ಮ ಮನೆ, ಹೊಲ, ಸಂತೆ, ಜಾತ್ರೆಗಳಿಂದ ಆರಿಸಿಕೊಡುವುದೂ ಹಾಗೆಯೇ. ಯಕ್ಷಗಾನದ ಮತ್ತು ರಂಗಭೂಮಿಯ ನಟರನ್ನು ಕೇಳಿದರೆ, ಯಾವ ಮುಖವು ಸನ್ನಿವೇಶವಿಲ್ಲದೆ ನಿಲ್ಲುವುದು, ಯಾವುದು ನಿಲ್ಲದು ಎಂಬುದನ್ನು ಅವರು ಅನುಭವದಿಂದ ಹೇಳಬಲ್ಲರು. ವೈದ್ಯರು ಕೇಳುವವರೆಗೆ ಕಾದಿರದೆ, ನಾವೇ ಅವರ ಬಳಿಗೆ ಹೋಗಿ ಈ ಸಾಮಗ್ರಿಯನ್ನು ಒಪ್ಪಿಸುವುದು ಯುಕ್ತವೆಂದು ವಿದ್ವಾಂಸರಲ್ಲಿ ವಿಜ್ಞಾಪಿಸಿ ಈ ಲೇಖನವನ್ನು ಮುಗಿಸುತ್ತೇವೆ.